ಚಾಕೊಲೇಟ್ ಮನೆತನದ ಚೇರ್ಮನ್ ಹೆಸರು ಕಂಪನಿ ಕಾನೂನಿನ ಪಾಠಕ್ಕೆ ಬಂದದ್ದು ಹೇಗೆ?

ಪ್ರಶ್ನೆ: ನಾನು ಕಂಪನಿ ಸೆಕ್ರೆಟರಿ ಪರೀಕ್ಷೆಗೆ ಓದುತ್ತಿದ್ದೇನೆ. ‘ಕ್ಯಾಡ್‌ಬರಿ ಸಮಿತಿ ವರದಿ’ ಅಂತ ಎಲ್ಲ ಪುಸ್ತಕಗಳಲ್ಲೂ ಎರಡು ಸಾಲು ಬರುತ್ತದೆ, ಅಷ್ಟೇ. ಆ ಕ್ಯಾಡ್‌ಬರಿ ಯಾರು? ಚಾಕೊಲೇಟ್ ಕಂಪನಿಯವರೇನಾ? ಮನೆತನದ ಕಂಪನಿಯಲ್ಲಿ ಹುಟ್ಟಿನ ಬಲದಿಂದ ಚೇರ್ಮನ್ ಆದವರು ಬೇರೆ ಕಂಪನಿಗಳಿಗೆ ಬುದ್ಧಿ ಹೇಳಿದ್ದು ಹೇಗೆ? ಇನ್ನೊಂದು ವಿಷಯ: ದಾವಣಗೆರೆಯಲ್ಲಿ ನಮ್ಮದೂ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ. ದೊಡ್ಡಪ್ಪನೇ ಚೇರ್ಮನ್, ದೊಡ್ಡಪ್ಪನೇ ಎಂಡಿ. ಅದು ತಪ್ಪಾ?

ಉತ್ತರ: ಹೌದು, ಅದೇ ಚಾಕೊಲೇಟ್ ಮನೆತನದವರೇ. ಸರ್ ಏಡ್ರಿಯನ್ ಕ್ಯಾಡ್‌ಬರಿ. ಕಂಪನಿಗಳ ಬೋರ್ಡು ಹೇಗೆ ನಡೆಯಬೇಕು ಎಂದು 1992ರಲ್ಲಿ ವರದಿ ಕೊಟ್ಟ ಬ್ರಿಟನ್ನಿನ ಸಮಿತಿಗೆ ಅವರು ಅಧ್ಯಕ್ಷರು. ಹುಟ್ಟಿದ್ದು 1929ರ ಏಪ್ರಿಲ್ 15ರಂದು, ತೀರಿಕೊಂಡದ್ದು 2015ರ ಸೆಪ್ಟೆಂಬರ್ 3ರಂದು. ನಿಮ್ಮ ಪ್ರಶ್ನೆಗಳಲ್ಲಿ ನಡುವಿನದು ನನಗೆ ತುಂಬ ಹಿಡಿಸಿತು. ಹುಟ್ಟಿನಿಂದ ಕುರ್ಚಿ ಸಿಕ್ಕವರಿಗೆ ಈ ವಿಷಯ ಮಾತಾಡುವ ಹಕ್ಕು ಎಲ್ಲಿಂದ ಬಂತು? ಒಬ್ಬರ ಕೈಯಲ್ಲೇ ಎಲ್ಲ ಅಧಿಕಾರ ಇದ್ದರೆ ಏನೇನು ಆಗುತ್ತದೆ ಅನ್ನುವುದನ್ನು ಅವರು ಮನೆಯೊಳಗಿಂದಲೇ ನೋಡಿದ್ದರು. ಅದರ ಒಳ್ಳೆಯದೂ ಗೊತ್ತಿತ್ತು, ಅಪಾಯವೂ ಗೊತ್ತಿತ್ತು. ಅವರ ವರದಿಗೆ ತೂಕ ಬಂದದ್ದು ಅಲ್ಲಿಂದ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಮನೆತನದ ಕಥೆ, ಚಿಕ್ಕದಾಗಿ. ಮುತ್ತಜ್ಜ ಜಾನ್ ಕ್ಯಾಡ್‌ಬರಿ 1824ರಲ್ಲಿ ಬರ್ಮಿಂಗ್‌ಹ್ಯಾಮಿನ ಬುಲ್ ಸ್ಟ್ರೀಟ್‌ನಲ್ಲಿ ಅಂಗಡಿ ತೆರೆದು ಟೀ, ಕಾಫಿ, ಕುಡಿಯುವ ಕೋಕೋ ಮಾರುತ್ತಿದ್ದರು. ಅವರದು ಕ್ವೇಕರ್ ಎಂಬ ಕ್ರೈಸ್ತ ಪಂಥ. ಆ ಜನ ಹೆಂಡಕ್ಕೂ ಯುದ್ಧಕ್ಕೂ ವಿರೋಧ. ಮಕ್ಕಳಾದ ರಿಚರ್ಡ್ ಮತ್ತು ಜಾರ್ಜ್ 1861ರಲ್ಲಿ ವ್ಯವಹಾರ ವಹಿಸಿಕೊಂಡರು. 1879ರಲ್ಲಿ ಕಾರ್ಖಾನೆಯನ್ನು ಊರಾಚೆ ಹೊಲಗಳ ನಡುವೆ ಕಟ್ಟಿ ಆ ಜಾಗಕ್ಕೆ ಬೋರ್ನ್‌ವಿಲ್ ಎಂದು ಹೆಸರಿಟ್ಟರು. ಆಮೇಲೆ ಅದರ ಪಕ್ಕದಲ್ಲೇ ಕೈತೋಟವಿರುವ ಮನೆಗಳ ಒಂದು ಊರೇ ಎದ್ದಿತು. ಆ ಊರಲ್ಲಿ ಹೆಂಡದಂಗಡಿಗೆ ಜಾಗವಿರಲಿಲ್ಲ. ಈ ಜಾರ್ಜ್ ಅವರ ಮೊಮ್ಮಗನೇ ನಮ್ಮ ಏಡ್ರಿಯನ್.

ಏಡ್ರಿಯನ್ ಓದಿದ್ದು ಈಟನ್ ಶಾಲೆಯಲ್ಲಿ, ಆಮೇಲೆ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಅರ್ಥಶಾಸ್ತ್ರ. ಒಳ್ಳೆಯ ದೋಣಿ ಓಟಗಾರ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ನಾಲ್ವರ ದೋಣಿ ಸ್ಪರ್ಧೆಯಲ್ಲಿ ಬ್ರಿಟನ್ ಪರ ಹುಟ್ಟು ಹಾಕಿದರು. ತಂಡಕ್ಕೆ ನಾಲ್ಕನೇ ಸ್ಥಾನ ಬಂತು. ಅದೇ ವರ್ಷ ಮನೆತನದ ಕಂಪನಿಗೆ ಸೇರಿದರು. ಸಿಬ್ಬಂದಿ ವಿಭಾಗದ ನಿರ್ದೇಶಕರಾಗಿ ಕಾರ್ಮಿಕರ ಜೊತೆ ಕೂತು ಮಾತಾಡುವ ಕೆಲಸ ಮಾಡಿದರು. 1965ರಲ್ಲಿ ಚೇರ್ಮನ್ ಆದಾಗ ಅವರಿಗೆ ಮೂವತ್ತಾರರ ಆಸುಪಾಸು.

ಇಲ್ಲಿ ಅವರೇ 1987ರಲ್ಲಿ ಒಂದು ಲೇಖನದಲ್ಲಿ ಬರೆದ ಘಟನೆ ಹೇಳಬೇಕು. ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ನಡೆಯುತ್ತಿದ್ದಾಗ, 1900ರ ಹೊಸ ವರ್ಷಕ್ಕೆ ಪ್ರತಿ ಸೈನಿಕನಿಗೂ ಒಂದೊಂದು ತಗಡಿನ ಡಬ್ಬಿಯಲ್ಲಿ ಚಾಕೊಲೇಟ್ ಕಳಿಸಬೇಕೆಂದು ವಿಕ್ಟೋರಿಯಾ ರಾಣಿ ಆರ್ಡರ್ ಕೊಟ್ಟರು. ತಾತ ಜಾರ್ಜ್ ಆ ಯುದ್ಧವನ್ನು ಬಲವಾಗಿ ವಿರೋಧಿಸಿದ್ದವರು. ಆರ್ಡರ್ ತಗೊಂಡರೆ ಯುದ್ಧದಿಂದ ಲಾಭ ಮಾಡಿಕೊಂಡ ಹಾಗೆ. ಬೇಡ ಅಂದರೆ ಕಾರ್ಮಿಕರಿಗೆ ಸಿಗುವ ಹೆಚ್ಚಿನ ಕೆಲಸ ತಪ್ಪುತ್ತದೆ. ಅವರು ಆರ್ಡರ್ ತಗೊಂಡರು, ಆದರೆ ಖರ್ಚಿನ ಬೆಲೆಗೇ ಪೂರೈಸಿದರು. ಒಂದು ಪೈಸೆ ಲಾಭ ಇಟ್ಟುಕೊಳ್ಳಲಿಲ್ಲ. ಆ ಹಳೆಯ ಡಬ್ಬಿಗಳನ್ನು ಜನ ಇನ್ನೂ ನನಗೆ ಕಳಿಸುತ್ತಿರುತ್ತಾರೆ ಎಂದು ಏಡ್ರಿಯನ್ ಬರೆದಿದ್ದಾರೆ.

ಕಥೆ ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ತಾತನ ಗುಣಗಾನ ಆಗುತ್ತಿತ್ತು. ಏಡ್ರಿಯನ್ ಮುಂದಕ್ಕೆ ಹೋದರು. ತಾತನಿಗೆ ಹಾಗೆ ತೀರ್ಮಾನ ಮಾಡಲು ಆದದ್ದು ಕಂಪನಿ ಅವರ ಕುಟುಂಬದ್ದೇ ಆಗಿದ್ದರಿಂದ; ಹೊರಗಿನ ಷೇರುದಾರರು ಇದ್ದಿದ್ದರೆ ಅವರ ದುಡ್ಡನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತಿತ್ತು, ಸಂಕಟ ಇನ್ನೂ ಜಾಸ್ತಿ ಆಗುತ್ತಿತ್ತು ಎಂದರು. ಈ ಒಂದು ಮಾತು ಗಮನಿಸಿ. ಸ್ವಂತ ದುಡ್ಡಿನ ಕಂಪನಿಯಲ್ಲಿ ಯಜಮಾನನ ಮನಸ್ಸಾಕ್ಷಿ ಸಾಕು. ಬೇರೆಯವರ ದುಡ್ಡು ಬಂದ ಮೇಲೆ ಅದು ಸಾಲದು, ಕೇಳುವವರು ಬೇಕು. ಐದು ವರ್ಷದ ನಂತರ ಬಂದ ಸಮಿತಿಯ ವರದಿಯ ಬೀಜ ಇಲ್ಲೇ ಇದೆ ಅಲ್ವಾ?

1969ರಲ್ಲಿ ಕ್ಯಾಡ್‌ಬರಿ ಕಂಪನಿ ಪಾನೀಯಗಳ ಕಂಪನಿಯಾದ ಶ್ವೆಪ್ಸ್ ಜೊತೆ ಸೇರಿತು. ಹೊಸ ಕಂಪನಿಗೆ ಚೇರ್ಮನ್ ಆದದ್ದು ಶ್ವೆಪ್ಸ್ ಕಡೆಯ ಲಾರ್ಡ್ ವಾಟ್ಕಿನ್ಸನ್, ಹಿಂದೆ ಬ್ರಿಟನ್ನಿನ ರಕ್ಷಣಾ ಸಚಿವರಾಗಿದ್ದವರು. ಸ್ವಂತ ಮನೆತನದ ಕಂಪನಿಗೆ ಚೇರ್ಮನ್ ಆಗಿದ್ದ ಏಡ್ರಿಯನ್ ಒಂದು ಮೆಟ್ಟಿಲು ಕೆಳಗಿಳಿದು ಉಪಾಧ್ಯಕ್ಷರೂ ಎಂಡಿಯೂ ಆದರು. ಆ ಎರಡು ಕುರ್ಚಿಗಳ ನಡುವಿನ ವ್ಯತ್ಯಾಸ ಅವರಿಗೆ ಅನುಭವಕ್ಕೆ ಬಂದದ್ದು ಆಗ. 1975ರಲ್ಲಿ ಚೇರ್ಮನ್ ಆಗಿ 1989ರವರೆಗೆ ಇದ್ದರು. 1977ರಲ್ಲಿ ‘ಸರ್’ ಬಂತು. ಎಂಬತ್ತರ ದಶಕದಲ್ಲಿ ಕಂಪನಿ ತಿಂಡಿ ತಿನಿಸಿನ ಬೇರೆ ಬೇರೆ ವ್ಯವಹಾರಗಳನ್ನು ಕೈಬಿಟ್ಟಿತು. ಟೈಫೂ ಟೀ ಸೇರಿದ್ದ ವಿಭಾಗವನ್ನು 1986ರಲ್ಲಿ ಅದರ ಮ್ಯಾನೇಜರುಗಳಿಗೇ ಮಾರಿ, ಚಾಕೊಲೇಟು ಮತ್ತು ತಂಪು ಪಾನೀಯ ಎರಡಕ್ಕೇ ಗಮನ ಕೊಟ್ಟಿತು. ಆಗ ಕಂಪನಿ ನಡೆಸುವ ಸಿಇಒ ಆಗಿದ್ದವರು ಅವರ ತಮ್ಮ ಡೊಮಿನಿಕ್. ಕುರ್ಚಿ ಎರಡಾದರೂ ಮನೆ ಒಂದೇ ಎಂದು ನೀವು ಕೇಳಬಹುದು. ಕೇಳಬೇಕಾದ ಮಾತೇ. ಡೊಮಿನಿಕ್ 1993ರಲ್ಲಿ ಸಿಇಒ ಕುರ್ಚಿಯಿಂದ ನೇರವಾಗಿ ಚೇರ್ಮನ್ ಕುರ್ಚಿಗೆ ಬಂದರು. ಸಿಇಒ ಆಗಿದ್ದವರು ಅದೇ ಕಂಪನಿಯ ಚೇರ್ಮನ್ ಆಗುವುದು ಸರಿಯಲ್ಲ ಎಂದು ಹತ್ತು ವರ್ಷದ ನಂತರ ಬ್ರಿಟನ್ನಿನ ಕಂಪನಿ ಆಡಳಿತದ ಸಂಹಿತೆಯೇ (ಕಂಪನಿಗಳು ಪಾಲಿಸಬೇಕಾದ ರೀತಿನೀತಿಯ ಪಟ್ಟಿ) ಹೇಳಿತು.

ಲಂಚದ ವಿಷಯದಲ್ಲಿ ಅವರು ಇಟ್ಟುಕೊಂಡಿದ್ದ ಎರಡು ಪ್ರಶ್ನೆಗಳನ್ನು ನಾನು ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೇನೆ. ಒಂದು, ಕೊಡುತ್ತಿರುವ ಹಣ ಬಿಲ್ಲಿನ ಮೇಲೆ ಕಾಣುತ್ತದೆಯೇ? ಇನ್ನೊಂದು, ಈ ಉಡುಗೊರೆಯ ಸುದ್ದಿ ಕಂಪನಿಯ ಪತ್ರಿಕೆಯಲ್ಲಿ ಅಚ್ಚಾದರೆ ತಗೊಂಡವರಿಗೆ ಮುಜುಗರ ಆಗುತ್ತದೆಯೇ? ಇಷ್ಟೇ. ದೀಪಾವಳಿ ಉಡುಗೊರೆಯ ಪಟ್ಟಿ ಮಾಡುವಾಗ ಈ ಎರಡನೇ ಪ್ರಶ್ನೆ ಕೇಳಿ ನೋಡಿ, ಪಟ್ಟಿಯಲ್ಲಿ ಕೆಲವು ಹೆಸರು ತಾನಾಗೇ ಹೋಗುತ್ತವೆ.

ಈಗ ಸಮಿತಿಯ ವಿಷಯ. ಇಲ್ಲಿ ಒಂದು ತಪ್ಪು ಎಷ್ಟೋ ನೋಟ್ಸುಗಳಲ್ಲಿ ಓಡಾಡುತ್ತಿದೆ. ‘ಮ್ಯಾಕ್ಸ್‌ವೆಲ್ ಹಗರಣದಿಂದಾಗಿ ಕ್ಯಾಡ್‌ಬರಿ ಸಮಿತಿ ರಚನೆಯಾಯಿತು’ ಎಂದು ಬರೆದಿರುತ್ತಾರೆ. ದಿನಾಂಕ ನೋಡಿದರೆ ಅದು ಹೊಂದುವುದಿಲ್ಲ. ಸಮಿತಿ ರಚನೆಯಾದದ್ದು 1991ರ ಮೇ ತಿಂಗಳಲ್ಲಿ. ರಚಿಸಿದವರು ಕಂಪನಿಗಳ ಲೆಕ್ಕಪತ್ರದ ನಿಯಮ ನೋಡಿಕೊಳ್ಳುವ ಫೈನಾನ್ಷಿಯಲ್ ರಿಪೋರ್ಟಿಂಗ್ ಕೌನ್ಸಿಲ್, ಲಂಡನ್ ಸ್ಟಾಕ್ ಎಕ್ಸ್‌ಚೇಂಜ್ ಮತ್ತು ಲೆಕ್ಕ ಪರಿಶೋಧಕರ ಸಂಘಟನೆಗಳು. ಆಗ ಎಲ್ಲರ ತಲೆಯಲ್ಲಿ ಇದ್ದದ್ದು 1990ರಲ್ಲಿ ಮುಳುಗಿದ ಕೊಲೊರಾಲ್ ಮತ್ತು ಪಾಲಿ ಪೆಕ್ ಕಂಪನಿಗಳು. ಲೆಕ್ಕಪತ್ರದಲ್ಲಿ ಗಟ್ಟಿಮುಟ್ಟಾಗಿ ಕಂಡ ಕಂಪನಿ ಇದ್ದಕ್ಕಿದ್ದಂತೆ ಕುಸಿದರೆ ಆಡಿಟರುಗಳು ಏನು ಮಾಡುತ್ತಿದ್ದರು ಅನ್ನುವುದೇ ಪ್ರಶ್ನೆ. ಸಮಿತಿಗೆ ಕೊಟ್ಟ ಕೆಲಸವೂ ಅಷ್ಟಕ್ಕೇ ಸೀಮಿತ: ಹಣಕಾಸಿನ ವರದಿ ಮತ್ತು ಲೆಕ್ಕ ಪರಿಶೋಧನೆ.

ಸಮಿತಿ ಕೂತ ಮೇಲೆ ಬೆಂಕಿ ಹತ್ತಿತು. 1991ರ ಜುಲೈನಲ್ಲಿ ಬಿಸಿಸಿಐ (ಬ್ಯಾಂಕ್ ಆಫ್ ಕ್ರೆಡಿಟ್ ಅಂಡ್ ಕಾಮರ್ಸ್ ಇಂಟರ್‌ನ್ಯಾಷನಲ್) ಎಂಬ ಬ್ಯಾಂಕನ್ನು ವಂಚನೆ ಬಯಲಾಗಿ ಮುಚ್ಚಿಸಿದರು. ನವೆಂಬರ್ 5ರಂದು ಪತ್ರಿಕಾ ಸಾಮ್ರಾಜ್ಯದ ಒಡೆಯ ರಾಬರ್ಟ್ ಮ್ಯಾಕ್ಸ್‌ವೆಲ್ ತಮ್ಮ ವಿಹಾರನೌಕೆಯಿಂದ ಸಮುದ್ರಕ್ಕೆ ಬಿದ್ದು ಸತ್ತರು. ನೋಡಿದರೆ ಅವರ ಕಂಪನಿಗಳ ನೌಕರರ ಪಿಂಚಣಿ ನಿಧಿಯಿಂದ 40 ಕೋಟಿ ಪೌಂಡಿಗೂ ಹೆಚ್ಚು ಹಣ ಮಾಯವಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಇಪ್ಪತ್ತು ವರ್ಷ ಮುಂಚೆ, 1971ರಲ್ಲೇ, ಜನರ ಷೇರು ಇರುವ ಕಂಪನಿಯನ್ನು ಇವರ ಕೈಗೆ ನಂಬಿ ಕೊಡಲಾಗದು ಎಂದು ಸರ್ಕಾರದ ತನಿಖಾಧಿಕಾರಿಗಳು ಬರೆದಿದ್ದರು. ಆದರೂ ಅವರು ಮತ್ತೆ ಮೇಲೆ ಬಂದರು, ಅವರ ಬೋರ್ಡುಗಳಲ್ಲಿ ದೊಡ್ಡ ದೊಡ್ಡ ಹೆಸರಿನವರು ಕೂತರು, ಯಾರೂ ತಡೆಯಲಿಲ್ಲ. ಆಡಿಟರುಗಳನ್ನು ಬಯ್ದರೆ ಮುಗಿಯುವ ವಿಷಯ ಇದಲ್ಲ, ಬೋರ್ಡೇ ಕೆಲಸ ಮಾಡಬೇಕು ಎಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಏಡ್ರಿಯನ್ ಅವರನ್ನೇ ಏಕೆ ಕೂರಿಸಿದರು? 1970ರಿಂದ ಅವರು ಬ್ಯಾಂಕ್ ಆಫ್ ಇಂಗ್ಲೆಂಡಿನ ನಿರ್ದೇಶಕರು. ಕಂಪನಿಗಳಿಗೆ ಹೊರಗಿನ ನಿರ್ದೇಶಕರನ್ನು, ಅಂದರೆ ದಿನನಿತ್ಯದ ಆಡಳಿತದಲ್ಲಿ ಇಲ್ಲದವರನ್ನು, ಹುಡುಕಿಕೊಡಲು ಹುಟ್ಟಿದ ಪ್ರೊ ನೆಡ್ ಎಂಬ ಸಂಸ್ಥೆಗೆ 1984ರಿಂದ ಅಧ್ಯಕ್ಷರು. ಅಂದರೆ ಈ ಕೆಲಸವನ್ನು ಅವರು ವರ್ಷಗಳಿಂದ ಮಾಡುತ್ತಲೇ ಇದ್ದರು.

1992ರ ಡಿಸೆಂಬರ್ 1ರಂದು ವರದಿ ಹೊರಬಿತ್ತು. ಜೊತೆಗಿದ್ದ ಸಂಹಿತೆ ಬರೀ ಎರಡು ಪುಟ, 19 ಅಂಶ. ಅದರ ತಿರುಳು ಹೀಗಿದೆ. ಕಂಪನಿಯ ತುದಿಯಲ್ಲಿ ಜವಾಬ್ದಾರಿ ಹಂಚಿರಬೇಕು, ಒಬ್ಬರಿಗೇ ಲಗಾಮಿಲ್ಲದ ಅಧಿಕಾರ ಇರಬಾರದು. ಚೇರ್ಮನ್ನೇ ಸಿಇಒ ಆಗಿದ್ದರೆ ಬೋರ್ಡಿನಲ್ಲಿ ಗಟ್ಟಿಯಾದ ಸ್ವತಂತ್ರ ನಿರ್ದೇಶಕರು ಇರಲೇಬೇಕು. ಹೊರಗಿನ ನಿರ್ದೇಶಕರನ್ನೇ ಇಟ್ಟು, ಲೆಕ್ಕಪತ್ರವನ್ನೂ ಆಡಿಟರುಗಳ ಕೆಲಸವನ್ನೂ ನೋಡುವ ಆಡಿಟ್ ಸಮಿತಿ ಮಾಡಬೇಕು, ಅದರಲ್ಲಿ ಕನಿಷ್ಠ ಮೂವರು. ಇನ್ನು ಪಾಲಿಸದಿದ್ದರೆ? ದಂಡವಿಲ್ಲ, ಜೈಲಿಲ್ಲ. ಆದರೆ ಲಂಡನ್ನಿನ ಷೇರುಪೇಟೆಯಲ್ಲಿರುವ ಕಂಪನಿ ತನ್ನ ವಾರ್ಷಿಕ ವರದಿಯಲ್ಲಿ ಯಾವುದನ್ನು ಪಾಲಿಸಿಲ್ಲ, ಯಾಕೆ ಪಾಲಿಸಿಲ್ಲ ಎಂದು ಬರೆಯಬೇಕು. ‘ಪಾಲಿಸು, ಇಲ್ಲವೇ ಕಾರಣ ಹೇಳು’ ಎಂಬ ಈ ಪದ್ಧತಿಯೇ ಆ ವರದಿಯ ದೊಡ್ಡ ಕೊಡುಗೆ ಎಂದು ನಾನು ನಂಬಿದ್ದೇನೆ. ಕಾನೂನು ಮಾಡಿದರೆ ಜನ ಅದರ ಅಕ್ಷರ ಮಾತ್ರ ಪಾಲಿಸುತ್ತಾರೆ. ಕಾರಣ ಬರೆಯಬೇಕೆಂದರೆ ಕೂತು ಯೋಚಿಸಬೇಕಾಗುತ್ತದೆ, ಓದುವ ಷೇರುದಾರನಿಗೂ ಕಾರಣ ಗಟ್ಟಿಯೋ ಜೊಳ್ಳೋ ಗೊತ್ತಾಗುತ್ತದೆ.

ಆಗ ಎರಡೂ ಕಡೆಯಿಂದ ಟೀಕೆ ಬಂತು. ಹೊರಗಿನ ನಿರ್ದೇಶಕರನ್ನು ಪೊಲೀಸರನ್ನಾಗಿ ಮಾಡಿದಿರಿ ಎಂದರು ಕಂಪನಿಗಳವರು. ಹಲ್ಲಿಲ್ಲದ ವರದಿ ಎಂದರು ಇನ್ನು ಕೆಲವರು. ನನ್ನ ದೂರು ಬೇರೆ. ಆ ಸಂಹಿತೆ ಷೇರುದಾರರ ಕಣ್ಣಿನಿಂದ ಬರೆದದ್ದು. ಬೋರ್ಡಿನ ಮೇಜಿನಿಂದ ದೂರ ಇರುವವರ ಮಾತು ಅದರಲ್ಲಿಲ್ಲ. ಇದೇ ಮನೆತನದ ಕಂಪನಿ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಸಾವೊ ಟೋಮೆ ದ್ವೀಪದ ಕೋಕೋ ಕೊಳ್ಳುತ್ತಿತ್ತು. ಅಲ್ಲಿ ಬೆಳೆ ತೆಗೆಯುತ್ತಿದ್ದವರು ಹೆಚ್ಚುಕಡಿಮೆ ಗುಲಾಮರೇ. ವಿಷಯ ಗೊತ್ತಾಗಿಯೂ ಖರೀದಿ ನಿಲ್ಲಿಸಲು ವರ್ಷಗಳು ಹಿಡಿದವು. ಹಾಗೆಂದು ಬರೆದ ಪತ್ರಿಕೆಯ ಮೇಲೆ ಕ್ಯಾಡ್‌ಬರಿಯವರು ಹಾಕಿದ ಮಾನನಷ್ಟ ಮೊಕದ್ದಮೆಯಲ್ಲಿ 1909ರಲ್ಲಿ ಗೆದ್ದರು, ಆದರೆ ಜ್ಯೂರಿ ಕೊಡಿಸಿದ ಪರಿಹಾರ ಒಂದೇ ಒಂದು ಫಾರ್ದಿಂಗ್, ಪೆನ್ನಿಯ ನಾಲ್ಕನೇ ಒಂದು ಭಾಗ. ನಮ್ಮಲ್ಲೂ ನೆನಪಿದೆ: 1980ರ ಸುಮಾರಿಗೆ ಕೋಕೋ ಬೆಲೆ ಬಿದ್ದು, ಅಡಿಕೆ ತೋಟದ ನಡುವೆ ಕೋಕೋ ಹಾಕಿದ್ದ ದಕ್ಷಿಣ ಕನ್ನಡದ ಬೆಳೆಗಾರರಿಗೆ ಕೊಳ್ಳುವವರಿಲ್ಲದಂತಾಯಿತು. ಆಗ ಕೈಹಿಡಿದದ್ದು ಬೆಳೆಗಾರರದೇ ಸಹಕಾರ ಸಂಸ್ಥೆ ಕ್ಯಾಂಪ್ಕೊ. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೂ ಬಂತು. ಬೆಳೆಗಾರ ಬೋರ್ಡಿನಲ್ಲಿ ಕೂತಾಗ ತೀರ್ಮಾನ ಬೇರೆಯೇ ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇಷ್ಟೆಲ್ಲ ಆದ ಮೇಲೂ ಚೇರ್ಮನ್ ಮಾಡುವ ಕೆಲಸ ಏನು ಎಂದು ಪುಸ್ತಕ ಓದಿ ತಿಳಿಯುವುದು ಕಷ್ಟ. ಎಂಡಿ ಕಂಪನಿ ನಡೆಸುತ್ತಾರೆ, ಚೇರ್ಮನ್ ಬೋರ್ಡು ನಡೆಸುತ್ತಾರೆ. ಏಡ್ರಿಯನ್ ತಮ್ಮ ಬದುಕಿನುದ್ದಕ್ಕೂ ಇದನ್ನೇ ಒತ್ತಿ ಹೇಳಿದರು. ನಾನು ಕಂಡ ಒಂದು ಸಭೆ ಹೇಳುತ್ತೇನೆ, ಕಂಪನಿಯ ಹೆಸರು ಬೇಡ. ಚೇರ್ಮನ್ನೂ ಅವರೇ, ಎಂಡಿಯೂ ಅವರೇ. ಕಾರ್ಯಸೂಚಿಯಲ್ಲಿ ಹನ್ನೊಂದು ವಿಷಯ. ಮೊದಲ ಹತ್ತೂ ಸುಲಭದವು: ಹಿಂದಿನ ಸಭೆಯ ನಡಾವಳಿ ಓದಿದ್ದಾಯಿತು, ಬ್ಯಾಂಕ್ ಖಾತೆಗೆ ಸಹಿ ಬದಲಾವಣೆ ಆಯಿತು. ಹನ್ನೊಂದನೆಯದು ಎಂದಿನಂತೆ ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರ ವಿಷಯಗಳು’. ಅಷ್ಟು ಹೊತ್ತಿಗೆ ಊಟ ಬಂದಿತ್ತು. ಅಧ್ಯಕ್ಷರು ಒಂದು ಹಾಳೆ ತೆಗೆದರು. ಅವರ ಅಳಿಯನ ಕಂಪನಿಯ ಸಾಲಕ್ಕೆ ಈ ಕಂಪನಿ ಜಾಮೀನು ನಿಲ್ಲಬೇಕು. ಅಪ್ಪಣೆ ಕೇಳುವವರೂ ಅವರೇ, ಕೊಡುವವರೂ ಅವರೇ. ಎಲ್ಲರೂ ತಟ್ಟೆ ನೋಡುತ್ತಾ ತಲೆಯಾಡಿಸಿದರು. ಬೇರೊಬ್ಬರು ಚೇರ್ಮನ್ ಆಗಿದ್ದರೆ ಮಾಡಬೇಕಾಗಿದ್ದದ್ದು ದೊಡ್ಡದೇನಲ್ಲ. ‘ಇದರ ಕಾಗದಪತ್ರ ಮೊದಲೇ ಎಲ್ಲರಿಗೂ ಹೋಗಿಲ್ಲ, ಮುಂದಿನ ಸಭೆಗೆ ತನ್ನಿ, ನೀವು ಸಂಬಂಧಪಟ್ಟವರು, ಚರ್ಚೆಯ ಹೊತ್ತಿಗೆ ಹೊರಗಿರಿ’ ಎಂದರೆ ಸಾಕಿತ್ತು.

ಭಾರತಕ್ಕೆ ಈ ವಿಚಾರ ಬೇಗ ಬಂತು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ನೇಮಿಸಿದ ಕುಮಾರ್ ಮಂಗಳಂ ಬಿರ್ಲಾ ಸಮಿತಿ 1999ರಲ್ಲಿ ಶಿಫಾರಸು ಕೊಟ್ಟಿತು, ಕಂಪನಿಗಳು ಷೇರುಪೇಟೆಯ ಜೊತೆ ಮಾಡಿಕೊಳ್ಳುವ ಒಪ್ಪಂದಕ್ಕೆ ಬೋರ್ಡಿನ ನಿಯಮಗಳಿರುವ 49ನೇ ಕಲಮು ಸೇರಿತು. ಅಮೆರಿಕದ ಎನ್ರಾನ್ ಕಂಪನಿ ಲೆಕ್ಕದ ಮೋಸದಿಂದ ಮುಳುಗಿದ ಮೇಲೆ ನಮ್ಮವರೇ ಆದ ಎನ್.ಆರ್. ನಾರಾಯಣ ಮೂರ್ತಿ ಅವರ ಸಮಿತಿ 2003ರಲ್ಲಿ ಆಡಿಟ್ ಸಮಿತಿಯನ್ನು ಇನ್ನಷ್ಟು ಗಟ್ಟಿ ಮಾಡಲು ಹೇಳಿತು, ಒಳಗಿನ ತಪ್ಪು ಬಯಲಿಗೆಳೆಯುವ ನೌಕರನಿಗೆ ದಾರಿ ಮಾಡಿಕೊಡಿ ಎಂದಿತು. ಅದಕ್ಕೆ ಮುಂಚೆ, 2002ರಲ್ಲೇ, ಇನ್ಫೋಸಿಸ್‌ನಲ್ಲಿ ಮೂರ್ತಿ ಅವರು ಚೇರ್ಮನ್ ಆಗಿ ಉಳಿದು ಸಿಇಒ ಹುದ್ದೆಯನ್ನು ನಂದನ್ ನಿಲೇಕಣಿ ಅವರಿಗೆ ಬಿಟ್ಟುಕೊಟ್ಟಿದ್ದರು.

ಆದರೆ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಮರೆಯಬೇಡಿ. ಅಲ್ಲಿ ಚೇರ್ಮನ್ ರಾಮಲಿಂಗ ರಾಜು, ಎಂಡಿ ಅವರ ತಮ್ಮ ರಾಮ ರಾಜು. ಕಾಗದದ ಮೇಲೆ ಕುರ್ಚಿ ಎರಡಿತ್ತು. ಸ್ವತಂತ್ರ ನಿರ್ದೇಶಕರೂ ಇದ್ದರು, ಹೆಸರುವಾಸಿಯಾದವರು. 2008ರ ಡಿಸೆಂಬರಿನಲ್ಲಿ ಕುಟುಂಬದ್ದೇ ಆದ ಮೇಟಾಸ್ ಕಂಪನಿಗಳನ್ನು ಕೊಳ್ಳುವ ಪ್ರಸ್ತಾವಕ್ಕೆ ಬೋರ್ಡು ಒಪ್ಪಿತು, ತಡೆದದ್ದು ಹೊರಗಿನ ಷೇರುದಾರರ ಸಿಟ್ಟು. 2009ರ ಜನವರಿ 7ರಂದು, ಲೆಕ್ಕಪತ್ರದಲ್ಲಿ ಸುಳ್ಳು ತೋರಿಸಿದ್ದೇನೆಂದು ರಾಮಲಿಂಗ ರಾಜು ಅವರ ತಪ್ಪೊಪ್ಪಿಗೆ ಪತ್ರ ಬಂತು. ಚೇರ್ಮನ್ ಮತ್ತು ಎಂಡಿ ಬೇರೆ ಬೇರೆ ಆಗಿರಬೇಕು, ಸಂಬಂಧಿಕರೂ ಆಗಿರಬಾರದು ಎಂದು ಸೆಬಿ ಮೊದಲ 500 ಕಂಪನಿಗಳಿಗೆ ಕಡ್ಡಾಯ ಮಾಡಹೊರಟದ್ದು ಆಮೇಲೆ. 2020ಕ್ಕೆ ಎಂದಿದ್ದನ್ನು 2022ಕ್ಕೆ ಮುಂದೂಡಿ, ಕೊನೆಗೆ 2022ರ ಫೆಬ್ರವರಿಯಲ್ಲಿ ಇಷ್ಟವಿದ್ದವರು ಮಾಡಿ ಎಂದು ಬಿಟ್ಟರು. ಬಿಟ್ಟದ್ದು ತಪ್ಪು ಎಂದೇ ನನ್ನ ಅನಿಸಿಕೆ. ಕಡೇಪಕ್ಷ ಕ್ಯಾಡ್‌ಬರಿ ಹೇಳಿದಂತೆ ಕಾರಣ ಬರೆಯಿರಿ ಎನ್ನಬಹುದಿತ್ತು.

ಕ್ಯಾಡ್‌ಬರಿ ಕಂಪನಿಗೆ ಏನಾಯಿತು ಎಂದೂ ಹೇಳಿಬಿಡುತ್ತೇನೆ. 2010ರಲ್ಲಿ ಅಮೆರಿಕದ ಕ್ರಾಫ್ಟ್ ಅದನ್ನು ಕೊಂಡಿತು, ಷೇರಿಗೆ 840 ಪೆನ್ಸ್ ಮತ್ತು 10 ಪೆನ್ಸ್ ಲಾಭಾಂಶ. ಆಗ ಏಡ್ರಿಯನ್‌ಗೆ ಎಂಬತ್ತು ದಾಟಿತ್ತು. ಮಾರಾಟ ಅವರಿಗೆ ಇಷ್ಟವಿರಲಿಲ್ಲ. ಆದರೆ ಕುಟುಂಬದ ಕೈಯಲ್ಲಿ ಷೇರು ಹೆಚ್ಚು ಉಳಿದಿರಲಿಲ್ಲ. ಬೆಲೆ ಏರುವ ಆಸೆಯಿಂದ ನಡುವೆ ಬಂದು ಷೇರು ಕೊಂಡ ಹೂಡಿಕೆದಾರರ ಪಾಲು ಕಾಲುಭಾಗವನ್ನೂ ಮೀರಿತ್ತು. ಬ್ರಿಸ್ಟಲ್ ಹತ್ತಿರದ ಸೋಮರ್‌ಡೇಲ್ ಕಾರ್ಖಾನೆ ಉಳಿಸುತ್ತೇವೆ ಎಂದಿದ್ದ ಕ್ರಾಫ್ಟ್, ಕೊಂಡ ಕೆಲವೇ ದಿನಗಳಲ್ಲಿ ಮುಚ್ಚುತ್ತೇವೆ ಎಂದಿತು. ಅದಕ್ಕಾಗಿ ಕಂಪನಿಗಳ ಖರೀದಿಯ ಮೇಲೆ ಕಣ್ಣಿಡುವ ಬ್ರಿಟನ್ನಿನ ಟೇಕ್‌ಓವರ್ ಪ್ಯಾನೆಲ್ ಬಹಿರಂಗವಾಗಿ ಛೀಮಾರಿ ಹಾಕಿತು, ಮರುವರ್ಷ ನಿಯಮವನ್ನೂ ಬಿಗಿ ಮಾಡಿದರು. ಒಳ್ಳೆಯ ಬೋರ್ಡು ಕಳ್ಳತನ ತಡೆಯಬಹುದು, ಮಾಲೀಕರು ಮಾರಲು ಹೊರಟರೆ ಅದರ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಇದು ನೋವಿನ ವಿಷಯ, ಆದರೆ ನಿಜ.

ಈಗ ನಿಮ್ಮ ದೊಡ್ಡಪ್ಪನವರ ವಿಷಯ. ತಪ್ಪೇನೂ ಇಲ್ಲ. ಚೇರ್ಮನ್ ಮತ್ತು ಎಂಡಿ ಒಬ್ಬರೇ ಆಗಬಾರದು ಎಂಬ 2013ರ ಕಂಪನಿ ಕಾಯ್ದೆಯ 203ನೇ ಸೆಕ್ಷನ್ನಿನ ನಿರ್ಬಂಧ ಷೇರುಪೇಟೆಯ ಕಂಪನಿಗಳಿಗೆ ಮತ್ತು ದೊಡ್ಡ ಪಬ್ಲಿಕ್ ಕಂಪನಿಗಳಿಗೆ, ಅದರಲ್ಲೂ ವಿನಾಯಿತಿ ಇದೆ. ನಿಮ್ಮಂಥ ಪ್ರೈವೇಟ್ ಲಿಮಿಟೆಡ್‌ಗೆ ಅದು ತಾಗುವುದಿಲ್ಲ. ದುಡ್ಡೆಲ್ಲ ಮನೆಯದೇ ಆಗಿರುವವರೆಗೆ ತಾತ ಜಾರ್ಜ್ ಹಾಗೆ ಒಬ್ಬರೇ ತೀರ್ಮಾನ ಮಾಡಬಹುದು. ಆದರೆ ನೀವು, ನಿಮ್ಮ ಅಣ್ಣತಮ್ಮಂದಿರು, ಅತ್ತೆಯ ಮಕ್ಕಳು ಎಂದು ಷೇರು ಹಂಚಿಹೋದ ದಿನ ಆ ದುಡ್ಡು ಒಬ್ಬರದಲ್ಲ. ಬ್ಯಾಂಕು ಸಾಲ ಕೊಟ್ಟಿದ್ದರಂತೂ ಅವತ್ತಿಂದಲೇ ಅಲ್ಲ.

ಮನೆಯಲ್ಲಿ ಮಾತು ತೆಗೆಯುವಾಗ ‘ಚೇರ್ಮನ್ ಹುದ್ದೆ ಬಿಡಿ’ ಎಂದು ಶುರು ಮಾಡಬೇಡಿ. ಆ ಸಭೆ ಅಲ್ಲಿಗೇ ಮುಗಿಯುತ್ತದೆ. ಮನೆಯವರಲ್ಲದ ಒಬ್ಬರನ್ನು ಬೋರ್ಡಿಗೆ ತನ್ನಿ ಎಂದು ಕೇಳಿ. ನಿವೃತ್ತ ಬ್ಯಾಂಕ್ ಅಧಿಕಾರಿಯೋ, ದೊಡ್ಡಪ್ಪನಿಗೇ ಗೌರವ ಇರುವ ಬೇರೆ ವ್ಯಾಪಾರಸ್ಥರೋ ಆಗಬಹುದು. ಸಭೆಯ ನೋಟಿಸು ಏಳು ದಿನ ಮುಂಚೆ ಹೋಗಬೇಕೆಂದು 173ನೇ ಸೆಕ್ಷನ್ನು ಹೇಳುತ್ತದೆ. ಅದರ ಜೊತೆಗೇ ಟಿಪ್ಪಣಿಗಳನ್ನೂ ಕಳಿಸುವ ರೂಢಿ ಮಾಡಿ, ಆ ಕೆಲಸ ನೀವೇ ವಹಿಸಿಕೊಳ್ಳಿ. ಸಂಬಂಧಿಕರಿಗೆ, ಅವರ ಅಂಗಡಿಗಳಿಗೆ ಹೋದ ಹಣದ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಮೇಜಿನ ಮೇಲಿಡಿ, ಕಾಮೆಂಟು ಬೇಡ, ಪಟ್ಟಿ ಮಾತ್ರ. ವರ್ಷಕ್ಕೊಮ್ಮೆ ಆಡಿಟರ್ ಬಂದಾಗ ದೊಡ್ಡಪ್ಪ ಇಲ್ಲದ ಹೊತ್ತಲ್ಲಿ ಉಳಿದ ನಿರ್ದೇಶಕರ ಜೊತೆ ಅರ್ಧ ಗಂಟೆ ಕೂರಲಿ. ಇದನ್ನು ದೊಡ್ಡಪ್ಪನವರಿಗೆ ಮೊದಲೇ ಹೇಳಿ, ಅವರೇ ಆಡಿಟರಿಗೆ ಹೇಳುವಂತೆ ಮಾಡಿ.